ಎಲಾಸ್ಟಿನ್ ಜೀನ್‌ನ ವಿಳಾಸ: ಮೂರು ವಿಧಾನ, ಮೂರು ಬಗೆಯ ಉತ್ತರ

ರಕ್ತನಾಳ, ಶ್ವಾಸಕೋಶಗಳಿಗೆ ಹಿಗ್ಗಿ ಕುಗ್ಗುವ ಗುಣ ಕೊಡುವ ಎಲಾಸ್ಟಿನ್‌ನ ಜೀನ್ ಇಲಿಯ 5ನೇ ವರ್ಣತಂತುವಿನಲ್ಲಿದೆ. ಈಗ ಇದು ಡೇಟಾಬೇಸ್ ತೆರೆದ ಕೂಡಲೇ ಸಿಗುವ ಮಾಹಿತಿ. 2002ರಲ್ಲಿ ಇಲಿಯ ಜೀನೋಮ್ ಕರಡು ಪ್ರಕಟವಾಗುವ ಮೊದಲು ಇಂಥ ಒಂದು ಸಾಲಿಗಾಗಿ ಬೆವರು ಹರಿಸಬೇಕಿತ್ತು. ಆ ಕಾಲದ ಮೂರು ವಿಧಾನಗಳಲ್ಲೂ ಕೈಯಾಡಿಸಿದ್ದೇನೆ.

ಬೇಗ ಮುಗಿಯುವುದು ಸಂಕರ ಕೋಶಗಳ ವಿಧಾನ. ಇಲಿ ಮತ್ತು ಹ್ಯಾಮ್‌ಸ್ಟರ್ ಕೋಶಗಳನ್ನು ಬೆಸೆದರೆ ಇಲಿಯ ವರ್ಣತಂತುಗಳು ಕ್ರಮೇಣ ಕಳೆದುಹೋಗುತ್ತವೆ. ಯಾವ ವರ್ಣತಂತು ಉಳಿದ ಕೋಶಗಳಲ್ಲಿ ಮಾತ್ರ ಪಿಸಿಆರ್ (ಡಿಎನ್‌ಎಯ ಆಯ್ದ ತುಣುಕನ್ನು ಹಲವು ಪಟ್ಟು ನಕಲು ಮಾಡುವ ವಿಧಾನ) ಪಟ್ಟಿ ಕಾಣುತ್ತದೋ, ಜೀನ್ ಅಲ್ಲಿದೆ. ಆದರೆ ರಚನಾ ಪ್ರೋಟೀನುಗಳ ಎಕ್ಸಾನ್‌ಗಳು (ಜೀನ್‌ನಲ್ಲಿ ಪ್ರೋಟೀನಿನ ಸಂಕೇತ ಹೊತ್ತ ಭಾಗಗಳು) ಹ್ಯಾಮ್‌ಸ್ಟರ್‌ನಲ್ಲೂ ಹೆಚ್ಚುಕಡಿಮೆ ಹಾಗೆಯೇ ಇರುವುದರಿಂದ ಪ್ರೈಮರನ್ನು (ನಕಲು ಎಲ್ಲಿಂದ ಶುರುವಾಗಬೇಕೆಂದು ತೋರಿಸುವ ಕಿರು ಡಿಎನ್‌ಎ) ಎಕ್ಸಾನ್‌ಗಳ ನಡುವಿನ ಇಂಟ್ರಾನ್‌ನಲ್ಲೋ ಜೀನ್‌ನ ಬಾಲದ ಭಾಗದಲ್ಲೋ ಇಡಬೇಕು. ಇಷ್ಟೆಲ್ಲ ಮಾಡಿದ ಮೇಲೂ ಕೈಗೆ ಸಿಗುವುದು ವರ್ಣತಂತುವಿನ ಸಂಖ್ಯೆಯಷ್ಟೇ.

ನನ್ನ ಒಲವು ಬ್ಯಾಕ್‌ಕ್ರಾಸ್, ಅಂದರೆ ಮಿಶ್ರತಳಿಯನ್ನು ಮೂಲ ತಳಿಯೊಂದಿಗೆ ಮರಳಿ ಕೂಡಿಸುವ ವಿಧಾನದ ಕಡೆಗೆ. ಪ್ರಯೋಗಾಲಯದ ಸಿ57ಬಿಎಲ್/6 ಇಲಿಗೂ ಕಾಡಿನ ಸ್ಪ್ರೀಟಸ್ ಪ್ರಭೇದಕ್ಕೂ ಡಿಎನ್‌ಎ ವ್ಯತ್ಯಾಸ ಎಷ್ಟಿದೆಯೆಂದರೆ, ಕತ್ತರಿಸುವ ಕಿಣ್ವಗಳನ್ನು ಒಂದೊಂದಾಗಿ ಹಚ್ಚಿ ನೋಡಿದರೆ ಯಾವುದಾದರೊಂದು ಎರಡನ್ನೂ ಬೇರ್ಪಡಿಸಿ ತೋರಿಸುತ್ತದೆ. ಮೊದಲ ಪೀಳಿಗೆಯ ಗಂಡು ಬಂಜೆ. ಹಾಗಾಗಿ ಹೆಣ್ಣನ್ನೇ ಮರಳಿ ಸಿ57 ಗಂಡಿನೊಂದಿಗೆ ಕೂಡಿಸಬೇಕು. ಮರಿಗಳಲ್ಲಿ ಎಲಾಸ್ಟಿನ್ ಪಟ್ಟಿಯೂ ಜಾಗ ಮೊದಲೇ ಗೊತ್ತಿರುವ ಪಕ್ಕದ ಗುರುತಿನ ಪಟ್ಟಿಯೂ ಜೊತೆಯಾಗಿ ಸಾಗಿದವೇ, ಅಗಲಿದವೇ ಎಂದು ಎಣಿಸಬೇಕು. 94 ಮರಿಗಳಲ್ಲಿ ಒಂದರಲ್ಲಿ ಮಾತ್ರ ಅಗಲಿದ್ದರೆ ದೂರ ಸುಮಾರು 1 ಸೆಂಟಿಮಾರ್ಗನ್ (ನೂರರಲ್ಲಿ ಒಂದು ಬಾರಿ ಅಗಲುವಷ್ಟು ದೂರ), ಅಂದರೆ ಸ್ಥೂಲವಾಗಿ 20 ಲಕ್ಷ ಬೇಸ್ ಜೋಡಿ. ಜೀನ್‌ನ ಅಕ್ಕಪಕ್ಕದವರು ಯಾರು, ಯಾವ ಕ್ರಮದಲ್ಲಿದ್ದಾರೆ ಎಂಬುದನ್ನು ಸಂಕರ ಕೋಶಗಳು ಎಂದೂ ಹೇಳಲಾರವು. ಇಲ್ಲಿನ ಸಂಕಟ ಕಾಯುವುದು. ಅದೃಷ್ಟಕ್ಕೆ, ಬೇರೆಯವರು ಸಾಕಿದ ಮರಿಗಳ ಡಿಎನ್‌ಎ ಸಿದ್ಧವಾಗಿ ಸಿಗುತ್ತಿತ್ತು.

ಮೂರನೆಯದಾದ ಫಿಶ್ (ಹೊಳೆಯುವ ಡಿಎನ್‌ಎ ತುಣುಕನ್ನು, ಅಂದರೆ ಪ್ರೋಬನ್ನು, ವರ್ಣತಂತುವಿಗೆ ಅಂಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನ) ಕಣ್ಣಿಗೆ ಹಬ್ಬ: ಜೋಡಿ ಎಳೆಗಳ ಮೇಲೆ ಅಕ್ಕಪಕ್ಕ ಎರಡು ಚುಕ್ಕಿ. ಆದರೆ ಇಲಿಯ ವರ್ಣತಂತುಗಳೆಲ್ಲ ಒಂದೇ ತುದಿಯಲ್ಲಿ ಸೆಂಟ್ರೊಮಿಯರ್ (ಜೋಡಿ ಎಳೆಗಳು ಕೂಡುವ ಜಾಗ) ಹೊತ್ತವು, ನೋಡಲು ಒಂದೇ ಥರ. 5 ಯಾವುದು, 6 ಯಾವುದು ಎಂದು ಪಟ್ಟೆಗಳನ್ನು ಓದಿ ಹೇಳಲು ಪಳಗಿದ ಕಣ್ಣು ಬೇಕು. ಸಿಡಿಎನ್‌ಎ (ಆರ್‌ಎನ್‌ಎಯಿಂದ ನಕಲು ಮಾಡಿದ, ಇಂಟ್ರಾನ್ ಇಲ್ಲದ ಡಿಎನ್‌ಎ) ಪ್ರೋಬಿನ ಹೊಳಪೂ ಸಾಲದು, ಉದ್ದನೆಯ ಜೀನೋಮಿಕ್ ತುಣುಕೇ ಆಗಬೇಕು. ಕೆರಾಟಿನ್‌ನಂಥ ದೊಡ್ಡ ಕುಟುಂಬವಾದರೆ ಪ್ರೋಬ್ ನೆಂಟರಿಗೂ ಅಂಟಿ ದಾರಿ ತಪ್ಪಿಸುತ್ತದೆ.

ಅನುಕ್ರಮ ಬಂದ ಮೇಲೆ ಮೊದಲೆರಡು ವಿಧಾನಗಳು ಹೆಚ್ಚುಕಡಿಮೆ ಮೂಲೆ ಸೇರಿದವು. ಹೊರಗಿನಿಂದ ಸೇರಿಸಿದ ಜೀನ್ ಎಲ್ಲಿ ಹೋಗಿ ಕೂತಿದೆ ಎಂಬುದನ್ನು ಯಾವ ಡೇಟಾಬೇಸೂ ಹೇಳದ ಕಾರಣ, ಫಿಶ್‌ಗೆ ಮಾತ್ರ ಇಂದಿಗೂ ಕೆಲಸವಿದೆ.