ಪ್ಲಾಂಟ್‌ಇಕೋಫಿಸ್ ಬಳಸಿ ನೋಡಿದೆ: ಇಂಗಾಲ ಜಾಸ್ತಿಯಾದರೆ ಎಲೆ ಏನು ಮಾಡುತ್ತದೆ?

ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಎರಡು ಪಟ್ಟಾದರೆ ಗಿಡದ ಆಹಾರ ತಯಾರಿಕೆಯೂ ಎರಡು ಪಟ್ಟಾಗಬೇಕು ಅಲ್ವಾ? ಆಗುವುದಿಲ್ಲ. ಯಾಕೆ ಅಂತ ಕಣ್ಣೆದುರು ತೋರಿಸುವುದರಲ್ಲಿ ಪ್ಲಾಂಟ್‌ಇಕೋಫಿಸ್ ಎಂಬ ಈ ಆರ್ (ಅಂಕಿಅಂಶದ ಲೆಕ್ಕಕ್ಕೆ ಬಳಸುವ ಪ್ರೋಗ್ರಾಮಿಂಗ್ ಭಾಷೆ) ಪ್ಯಾಕೇಜ್ ನನಗೆ ತುಂಬಾ ಹಿಡಿಸಿತು.

ದುಡ್ಡು ಕೊಡಬೇಕಾಗಿಲ್ಲ. ರೆಮ್ಕೊ ಡ್ಯೂರ್ಸ್ಮಾ 2015ರಲ್ಲಿ ಇದರ ಬಗ್ಗೆ ಪ್ರಬಂಧ ಬರೆದರು. ಒಳಗೆ ಓಡುವುದು ಮಾತ್ರ 1980ರಲ್ಲಿ ಫಾರ್ಕರ್, ಫಾನ್ ಕೆಮರರ್, ಬೆರಿ ಮೂವರೂ ಸೇರಿ ಕೊಟ್ಟ ಮಾದರಿ. ಎಲೆಯ ವೇಗವನ್ನು ಒಂದೋ ಗಾಳಿಯ ಇಂಗಾಲವನ್ನು ಹಿಡಿಯುವ ರುಬಿಸ್ಕೋ ಕಿಣ್ವ ಕಟ್ಟಿಹಾಕುತ್ತದೆ, ಇಲ್ಲಾ ಬೆಳಕಿನಿಂದ ಸಿಗುವ ಶಕ್ತಿ. ಯಾವುದು ನಿಧಾನವೋ ಅದರದ್ದೇ ಲೆಕ್ಕ.

ಫೋಟೋಸಿನ್ ಎಂಬ ಫಂಕ್ಷನ್‌ಗೆ ಒಂದು ಸಾಲು ಬರೆದರೆ ಸಾಕು. ನಾನು ಡೀಫಾಲ್ಟ್ ಅಂಕಿಗಳನ್ನೇ, ಅಂದರೆ ವಿಸಿಮ್ಯಾಕ್ಸ್ (ರುಬಿಸ್ಕೋದ ಗರಿಷ್ಠ ವೇಗ) 50, ಜೆಮ್ಯಾಕ್ಸ್ (ಬೆಳಕಿನಿಂದ ಶಕ್ತಿ ಒದಗಿಸುವ ಗರಿಷ್ಠ ವೇಗ) 100, ಹಾಗೇ ಬಿಟ್ಟು ಗಾಳಿಯ ಇಂಗಾಲವನ್ನು 400 ಪಿಪಿಎಂನಿಂದ 800ಕ್ಕೆ ಏರಿಸಿದೆ. ದ್ಯುತಿಸಂಶ್ಲೇಷಣೆ ಏರಿದ್ದು ಸುಮಾರು ಒಂದೂವರೆ ಪಟ್ಟು ಮಾತ್ರ. ಔಟ್‌ಪುಟ್‌ನಲ್ಲಿ ಎಸಿ (ರುಬಿಸ್ಕೋ ಬಿಡುವಷ್ಟು ವೇಗ), ಎಜೆ (ಬೆಳಕಿನ ಶಕ್ತಿ ಬಿಡುವಷ್ಟು ವೇಗ) ಎಂಬ ಎರಡು ಕಾಲಂ ಇವೆ, ಅವನ್ನು ಅಕ್ಕಪಕ್ಕ ಇಟ್ಟು ನೋಡಿ: 400ರಲ್ಲಿ ಎಸಿ ಚಿಕ್ಕದು, ಅಂದರೆ ರುಬಿಸ್ಕೋಗೆ ಇಂಗಾಲ ಸಾಲುತ್ತಿಲ್ಲ, 800ಕ್ಕೆ ಬರುವಷ್ಟರಲ್ಲಿ ಎಜೆ ಚಿಕ್ಕದಾಗಿದೆ, ಇಂಗಾಲ ಬೇಕಾದಷ್ಟಿದ್ದರೂ ಬೆಳಕಿನ ಶಕ್ತಿ ಸಾಲುತ್ತಿಲ್ಲ. ಜೊತೆಗೆ ಪತ್ರರಂಧ್ರಗಳ ವಾಹಕತೆ ಕಾಲು ಭಾಗದಷ್ಟು ಇಳಿದಿತ್ತು, ಹಾಗಾಗಿ ಎಲೆಯಿಂದ ಆವಿಯಾಗುವ ನೀರೂ ಕಡಿಮೆ. ಇಷ್ಟು ಸ್ಪಷ್ಟವಾಗಿ ಪಾಠದ ಚಿತ್ರಗಳಿಂದ ನನಗೆ ಯಾವತ್ತೂ ತಿಳಿದಿರಲಿಲ್ಲ.

ಎಲೆಯ ಮೇಲೆ ಅಳತೆ ಮಾಡಿದ ಡೇಟಾ ಇದ್ದರೆ, ಅದರಿಂದ ವಿಸಿಮ್ಯಾಕ್ಸ್, ಜೆಮ್ಯಾಕ್ಸ್ ಕಂಡುಹಿಡಿಯಲು ಫಿಟ್‌ಎಸಿಐ ಬಳಸಿ. ಇಲ್ಲಿ ಕಾಲಂ ಹೆಸರು ನೋಡಿಕೊಳ್ಳಿ. ಬೆಳಕಿನ ಕಾಲಂ ಅದು ಹುಡುಕುವ ಹೆಸರಿನಲ್ಲಿ ಇಲ್ಲದಿದ್ದರೆ 1800 ಎಂದು ತಾನೇ ಊಹಿಸಿಕೊಂಡು ಮುಂದೆ ಹೋಗುತ್ತದೆ. ಎಚ್ಚರಿಕೆ ಕೊಡುತ್ತದೆ, ಆದರೆ ಓದದೆ ಬಿಟ್ಟರೆ ಜೆಮ್ಯಾಕ್ಸ್ ತಪ್ಪಾಗಿ ಬರಬಹುದು. ಮುಸುಕಿನ ಜೋಳ, ಕಬ್ಬಿನಂಥ, ಇಂಗಾಲವನ್ನು ಬೇರೆ ದಾರಿಯಲ್ಲಿ ಹಿಡಿಯುವ ಸಿ4 ಗಿಡಗಳಿಗೆ ಬೇರೆ ಫಂಕ್ಷನ್ ಇದೆ, ಇದೇ ಮಾದರಿಯನ್ನು ಅವಕ್ಕೆ ಹಾಕಬೇಡಿ.

ಒಂದು ವಿಷಯದಲ್ಲಿ ಮಾತ್ರ ಜಾಗ್ರತೆ. ವರ್ಷಗಟ್ಟಲೆ ಹೆಚ್ಚು ಇಂಗಾಲದಲ್ಲಿ ಬೆಳೆದ ಗಿಡ, ಅದರಲ್ಲೂ ಸಾರಜನಕ ಕಡಿಮೆ ಇರುವ ಮಣ್ಣಿನಲ್ಲಿ, ರುಬಿಸ್ಕೋವನ್ನೇ ಕಡಿಮೆ ಮಾಡಿಕೊಳ್ಳುತ್ತದೆ. ಬಯಲಿನಲ್ಲೇ ಗಾಳಿಗೆ ಇಂಗಾಲ ಬಿಟ್ಟು ನಡೆಸಿದ ಫೇಸ್ ಪ್ರಯೋಗಗಳಲ್ಲಿ ಇದು ಕಂಡುಬಂದಿದೆ. ಫೋಟೋಸಿನ್ ತಾನಾಗಿ ವಿಸಿಮ್ಯಾಕ್ಸ್ ಇಳಿಸುವುದಿಲ್ಲ, ನೀವೇ ಇಳಿಸಿ ಕೊಡಬೇಕು. ಆ ಒಂದೂವರೆ ಪಟ್ಟನ್ನು ಹಾಗೇ ಎತ್ತಿಕೊಂಡು 2100ನೇ ಇಸವಿಯ ಕಾಡಿಗೋ ಬೆಳೆಗೋ ಅಂಟಿಸಬೇಡಿ. ಮೊದಲು ವಿಸಿಮ್ಯಾಕ್ಸ್ 40 ಹಾಕಿ ಇನ್ನೊಮ್ಮೆ ಓಡಿಸಿ ನೋಡಿ.