ಸೆಕೆಂಡ್ ಹ್ಯಾಂಡ್ ಕ್ಯಾಸೆಟ್ ಡೆಕ್: ಕಲಬುರಗಿಯ ಮೂರು ಬೇಸಿಗೆಗಳ ನಂತರ

ಮೊದಲು ದೋಷವನ್ನೇ ಹೇಳಿಬಿಡುತ್ತೇನೆ: ಈ ಡೆಕ್ (ಕ್ಯಾಸೆಟ್ ನುಡಿಸುವ ಯಂತ್ರ) ಇರಬೇಕಾದ್ದಕ್ಕಿಂತ ವೇಗವಾಗಿ ಓಡುತ್ತದೆ. ಹೈದರಾಬಾದಿನ ಕೋಠಿಯಲ್ಲಿ ಆರೂವರೆ ಸಾವಿರ ರೂಪಾಯಿ ಕೊಟ್ಟು ತಂದ ವಾರದಲ್ಲೇ ಗೊತ್ತಾಯಿತು. ಅಂಗಡಿಯಲ್ಲಿ ಕೊಂಡಿದ್ದ ಹಳೆಯ ಸಿನಿಮಾ ಹಾಡಿನ ಕ್ಯಾಸೆಟ್ ಹಾಕಿ, ಅದೇ ಹಾಡನ್ನು ಮೊಬೈಲಿನಲ್ಲಿ ಹಚ್ಚಿ ಹೋಲಿಸಿದೆ. ನಾಲ್ಕು ನಿಮಿಷದ ಹಾಡು ಡೆಕ್ಕಿನಲ್ಲಿ ಮೂರು ನಿಮಿಷ 55 ಸೆಕೆಂಡಿಗೇ ಮುಗಿಯಿತು. ನೂರಕ್ಕೆ ಎರಡರಷ್ಟು ವೇಗ ಹೆಚ್ಚು. ಸುಮ್ಮನೆ ಹಾಡು ಕೇಳುವವರಿಗೆ ಇದು ತಿಳಿಯುವುದೂ ಇಲ್ಲ. ನನ್ನ ಕೆಲಸಕ್ಕೆ ಇದು ದೊಡ್ಡ ತಪ್ಪು. ಕಂಪನಿಯ ಹೆಸರು ಬರೆಯುವುದಿಲ್ಲ. ಮೂವತ್ತು ವರ್ಷ ದಾಟಿದ ಯಾವ ಡೆಕ್ ತಂದರೂ ಇಂಥದ್ದೇನಾದರೂ ಇದ್ದೇ ಇರುತ್ತದೆ.

ನನ್ನ ಕೆಲಸವೆಂದರೆ ಮಾಮಾನ ಕ್ಯಾಸೆಟ್‌ಗಳು. 1980ರ ದಶಕದಲ್ಲಿ ಮಾಮಾ ಮುಂಬೈಯಲ್ಲಿ ನೌಕರಿಯಲ್ಲಿದ್ದರು. ಧೋಬಿ ತಲಾವ್ ಬಳಿಯ ಬಯಲು ರಂಗಮಂದಿರ ರಂಗಭವನದಲ್ಲಿ ರಾಕ್ ಕಛೇರಿ ಇದ್ದರೆ ತಪ್ಪಿಸುತ್ತಿರಲಿಲ್ಲ. ಕೈಯಲ್ಲಿ ಹಿಡಿಯುವಂಥ ಪುಟ್ಟ ರೆಕಾರ್ಡರ್ ಅನ್ನು ಊಟದ ಡಬ್ಬಿಯ ಚೀಲದಲ್ಲಿ ಅಡಗಿಸಿ ಒಯ್ಯುತ್ತಿದ್ದರಂತೆ. 1977ರಲ್ಲಿ ಲಾಸ್ ಏಂಜಲೀಸ್ ಬಳಿ ಲೆಡ್ ಝೆಪ್ಲಿನ್ ಎಂಬ ಬ್ರಿಟಿಷ್ ರಾಕ್ ತಂಡದ ಕಛೇರಿಯನ್ನು ಕದ್ದು ಧ್ವನಿಮುದ್ರಿಸಿದ ಹವ್ಯಾಸಿ ಮೈಕ್ ಮಿಲಾರ್ಡ್ ಗಾಲಿಕುರ್ಚಿಯಲ್ಲಿ ಕುಳಿತು, ಯಂತ್ರವನ್ನು ಅದರಲ್ಲೇ ಮರೆಮಾಡಿ ಒಳಗೆ ಹೋಗುತ್ತಿದ್ದ ಸಂಗತಿ ಓದಿದಾಗಲೆಲ್ಲ ನನಗೆ ಮಾಮಾನ ಆ ಚೀಲ ನೆನಪಾಗುತ್ತದೆ. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಊರಿಗೆ ಬಂದಾಗಲೆಲ್ಲ ಒಂದೆರಡು ಕ್ಯಾಸೆಟ್ ತಂದು ನಮ್ಮ ಮನೆಯ ಟ್ರಂಕಿನಲ್ಲಿ ಇಡುತ್ತಿದ್ದರು. ಒಟ್ಟು 41. ರಂಗಭವನದಲ್ಲಿ ಹಾಡಿದ ಎಷ್ಟೋ ತಂಡಗಳು ಒಂದು ಕ್ಯಾಸೆಟ್ಟನ್ನೂ ಹೊರತರದೆ ಚದುರಿಹೋಗಿವೆ. ಅವರ ಹಾಡು ಉಳಿದಿದ್ದರೆ ಇಂಥ ಟ್ರಂಕುಗಳಲ್ಲೇ ಉಳಿದಿರಬೇಕು.

ರಾತ್ರಿ ಊಟ ಮುಗಿದು ರೊಟ್ಟಿಯ ಹಂಚು ಆರಿದ ಮೇಲೆ ನನ್ನ ಹೊತ್ತು ಆರಂಭವಾಗುತ್ತದೆ. ಮೊದಲು ಹತ್ತಿ ಸುತ್ತಿದ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ, ಟೇಪನ್ನು ಓದುವ ಭಾಗವಾದ ಹೆಡ್ ಒರೆಸುತ್ತೇನೆ. ಕಡ್ಡಿ ಕಂದು ಬಣ್ಣಕ್ಕೆ ತಿರುಗುತ್ತದೆ. ಎರಡನೆಯ ಕಡ್ಡಿ, ಮೂರನೆಯ ಕಡ್ಡಿ, ಬಿಳಿಯಾಗಿ ಬರುವ ತನಕ. ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಸುತ್ತಿಸುತ್ತೇನೆ. ವರ್ಷಗಟ್ಟಲೆ ಅಂಟಿಕೊಂಡಿದ್ದ ಟೇಪಿನ ಸುರುಳಿ ಸಡಿಲಗೊಳ್ಳುತ್ತದೆ. ಆಮೇಲೆ ಕೂಲರ್ ಆರಿಸುತ್ತೇನೆ. ಮೇ ತಿಂಗಳ ಕಲಬುರಗಿಯಲ್ಲಿ ಕೂಲರ್ ಆರಿಸಿ ಕೂರುವುದು ಏನೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಹೆಗಲ ಮೇಲೆ ಒದ್ದೆ ಟವೆಲ್ ಹಾಕಿಕೊಂಡು, ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತೇನೆ. ಹೆಡ್ಡಿನ ಓರೆ ಟೇಪಿಗೆ ಹೊಂದದಿದ್ದರೆ ಮೊದಲು ಸಾಯುವುದು ತಾರಸ್ವರಗಳು, ಡ್ರಮ್ಮಿನ ಕಂಚಿನ ತಟ್ಟೆಗಳ ಸದ್ದು. ಕೂಲರಿನ ಗಾಳಿಯ ಸದ್ದಿನಲ್ಲಿ ಅದು ಕೇಳುವುದೇ ಇಲ್ಲ. ಸ್ಕ್ರೂ ಸರಿಯಾದ ಜಾಗಕ್ಕೆ ಬಂದ ಕ್ಷಣ ಕಂಬಳಿ ಹೊದ್ದಿದ್ದ ಹಾಡು ಕಂಬಳಿ ಕೊಡವಿ ಎದ್ದು ಕೂರುತ್ತದೆ. ಆ ಒಂದು ಕ್ಷಣಕ್ಕಾಗಿ ಈ ಡೆಕ್ಕಿನ ಉಳಿದೆಲ್ಲ ಕಾಟವನ್ನು ಸಹಿಸಿದ್ದೇನೆ.

ಕಾಟಗಳು ಕಡಿಮೆಯೇನಿರಲಿಲ್ಲ. ಮೊದಲ ಬೇಸಿಗೆಯಲ್ಲೇ ಒಳಗಿನ ರಬ್ಬರ್ ಬೆಲ್ಟ್ ಕರಗಿ ಡಾಂಬರಿನಂತಾಯಿತು. ಸೂಪರ್ ಮಾರ್ಕೆಟ್ ಕಡೆ ರೇಡಿಯೊ ದುರಸ್ತಿ ಮಾಡುವ ಚಾಚಾ ಅದನ್ನು ಸೀಮೆಎಣ್ಣೆಯಲ್ಲಿ ಒರೆಸಿ ಹೊಸದನ್ನು ಹಾಕಿಕೊಟ್ಟರು. ಮೋಟಾರಿನ ಬೆನ್ನಿಗಿರುವ ಸಣ್ಣ ತೂತನ್ನು ತೋರಿಸಿ, “ವೇಗದ ಕೀಲಿ ಇಲ್ಲಿದೆ ನೋಡಿ” ಎಂದವರೂ ಅವರೇ. ಸಣ್ಣ ಸ್ಕ್ರೂಡ್ರೈವರ್ ತೂರಿಸಿ, ಆ ಸಿನಿಮಾ ಹಾಡು ಸರಿಯಾಗಿ ನಾಲ್ಕು ನಿಮಿಷ ತೆಗೆದುಕೊಳ್ಳುವವರೆಗೆ ತಿರುಗಿಸಿದೆವು.

ಆದರೂ ನನಗೆ ಡೆಕ್ಕಿನ ಮೇಲೆ ನಂಬಿಕೆ ಬರಲಿಲ್ಲ. ಒಮ್ಮೆ ಓಡಿದ್ದು ಮತ್ತೆ ಓಡಬಹುದು. ಆಗ ವಿದೇಶದ ಹವ್ಯಾಸಿಗಳು ಬಳಸುವ ಒಂದು ಉಪಾಯ ಕೈಗೆ ಸಿಕ್ಕಿತು. ಕಛೇರಿಯಲ್ಲಿ ಹಾಡು ಹಾಡಿನ ನಡುವೆ ಆಂಪ್ಲಿಫೈಯರ್‌ಗಳು ಗುಂಯ್ ಎನ್ನುತ್ತಿರುತ್ತವಲ್ಲ, ಅದು ವಿದ್ಯುತ್ತಿನದೇ ದನಿ. ಅಮೆರಿಕದಲ್ಲಿ ವಿದ್ಯುತ್ತಿನ ಆವರ್ತನ 60 ಹರ್ಟ್ಸ್, ನಮ್ಮಲ್ಲಿ 50. ಗುಂಯ್ ನಾದ ಸಾಮಾನ್ಯವಾಗಿ ಅದರ ಎರಡರಷ್ಟು ಆವರ್ತನದಲ್ಲಿ ಕೇಳುತ್ತದೆ. ಟೇಪಿನಲ್ಲಿ ಅದನ್ನು ಅಳೆದರೆ ವೇಗದ ತಪ್ಪು ಸಿಕ್ಕಿಬೀಳಬೇಕು. ಆಡಾಸಿಟಿಯಲ್ಲಿ (ಕಾಸು ಕೇಳದ ಈ ಧ್ವನಿ ತಂತ್ರಾಂಶಕ್ಕೆ ನಾನು ಋಣಿ) ಅಳೆದೆ. 1988ರ ಒಂದು ಕಛೇರಿಯಲ್ಲಿ 100 ಇರಬೇಕಾದದ್ದು 98.4 ತೋರಿಸಿತು. ಡೆಕ್ ಈ ಸಲ ಕುಂಟುತ್ತಿದೆ ಎಂದು ಬೈದು, ವೇಗವನ್ನು ನೂರಕ್ಕೆ 1.6ರಷ್ಟು ಏರಿಸಿದೆ. ತಂಡದ ಹಳೆಯ ಗಿಟಾರ್ ವಾದಕರ ಒಪ್ಪಿಗೆ ಪಡೆದು, ಧ್ವನಿಯ ಗುಣ ಕುಂದದ ಎಫ್‌ಎಲ್‌ಎಸಿ ಕಡತವಾಗಿ, ಉಚಿತವಾಗಿ ಹಂಚಿದೆ. ಬಹಳ ಜನ ಪಡೆದುಕೊಂಡರು.

ಮಾಮಾ ಕೇಳಿ ಫೋನ್ ಮಾಡಿದರು. “ಎಲ್ಲ ಚೆನ್ನಾಗಿದೆಯಪ್ಪ. ಆದರೆ ಆ ಹುಡುಗನ ದನಿ ಇಷ್ಟು ತೆಳುವಾಗಿರಲಿಲ್ಲ.”

ಎರಡು ರಾತ್ರಿ ಅದೇ ಕಡತ ಕೇಳಿದೆ. ಆ ತಂಡದಲ್ಲಿ ಒಂದು ಡಿಜಿಟಲ್ ಕೀಬೋರ್ಡ್ ಇತ್ತು. ಗಿಟಾರಿನ ತಂತಿ ಸೆಕೆಗೆ ಸಡಿಲವಾಗುತ್ತದೆ, ಗಾಯಕನ ಗಂಟಲು ಬಳಲುತ್ತದೆ. ಡಿಜಿಟಲ್ ಕೀಬೋರ್ಡಿನ ಸ್ವರ ಕದಲುವುದಿಲ್ಲ. 440 ಹರ್ಟ್ಸ್ ಇರಬೇಕಾದ ಅದರ ‘ಎ’ ಸ್ವರ (ಶ್ರುತಿ ಹೊಂದಿಸಲು ಹಿಡಿಯುವ ಸ್ವರ) ನಾನು ‘ಸರಿಪಡಿಸಿದ’ ಕಡತದಲ್ಲಿ 447ಕ್ಕೆ ಏರಿ ಕುಳಿತಿತ್ತು. ನಾನು ಮುಟ್ಟುವ ಮೊದಲಿನ ಪ್ರತಿಯಲ್ಲಿ ನೋಡಿದರೆ 440. ಡೆಕ್ ಸರಿಯಾಗಿತ್ತು. ಮಾಮಾನ ರೆಕಾರ್ಡರ್ ಕೂಡ ಸರಿಯಾಗಿತ್ತು. ತಪ್ಪಿದ್ದದ್ದು ಅಂದಿನ ವಿದ್ಯುತ್ತು.

ಬೇಡಿಕೆಗೆ ಸಾಕಾಗುವಷ್ಟು ಉತ್ಪಾದನೆ ಇಲ್ಲದಾಗ ವಿದ್ಯುತ್ ಸ್ಥಾವರಗಳ ಜನರೇಟರ್‌ಗಳು ಭಾರಕ್ಕೆ ನಿಧಾನಗೊಳ್ಳುತ್ತವೆ, ಆವರ್ತನ ಇಳಿಯುತ್ತದೆ. ಆ ಕಾಲದಲ್ಲಿ ನಮ್ಮ ದೇಶದಲ್ಲಿ ಅದು 50ಕ್ಕಿಂತ ಕೆಳಗೆ ಓಡಾಡಿಕೊಂಡಿರುವುದು ಸಾಮಾನ್ಯವಾಗಿತ್ತು. ಒಂದೊಂದು ಪ್ರಾಂತದ ಜಾಲಕ್ಕೆ ಒಂದೊಂದು ಗತಿ. ನಮ್ಮ ದಕ್ಷಿಣದ ಜಾಲ ಉಳಿದ ದೇಶದೊಂದಿಗೆ ಒಂದೇ ತಾಳಕ್ಕೆ ಬಂದದ್ದು 2013ರ ಡಿಸೆಂಬರ್ 31ರಂದು, ನಮ್ಮ ಪಕ್ಕದ ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದ 765 ಕಿಲೊವೋಲ್ಟ್ ಮಾರ್ಗದ ಮೂಲಕ. ಅಮೆರಿಕದ ಟೇಪಿಗೆ ಹೊಂದುವ ಗಡಿಯಾರವನ್ನು 1988ರ ಮುಂಬೈಗೆ ಕಟ್ಟಿದ್ದು ನನ್ನ ತಪ್ಪು. ವರ್ಷವಿಡೀ ಈ ಯಂತ್ರವನ್ನು ದೂರಿದ್ದಕ್ಕೆ ನನಗೆ ನಿಜವಾಗಿಯೂ ಬೇಸರವಾಗಿದೆ.

ಈಗ ಗುಂಯ್ ನಾದವನ್ನು ಒಂದು ಕೆಲಸಕ್ಕೆ ಮಾತ್ರ ಬಳಸುತ್ತೇನೆ. ರೆಕಾರ್ಡರಿನ ಸೆಲ್ ಇಳಿಯುತ್ತ ಹೋದ ಟೇಪುಗಳಲ್ಲಿ ಆರಂಭದಿಂದ ಕೊನೆಯ ತನಕ ಅದು ಮೆಲ್ಲಗೆ ಏರುತ್ತದೆ, ಜೊತೆಗೆ ಹಾಡೂ ಏರುತ್ತದೆ. ಎರಡೂ ಒಟ್ಟಿಗೆ ಏರಿದರೆ ಸೆಲ್ಲಿನ ದೋಷ. ನಾದ ಮಾತ್ರ ಅಲುಗಿದರೆ ವಿದ್ಯುತ್ತಿನದು. ಶ್ರುತಿಗೆ ಕೀಬೋರ್ಡ್ ಇದ್ದರೆ ಕೀಬೋರ್ಡ್, ಇಲ್ಲದಿದ್ದರೆ ಹಾರ್ಮೋನಿಕಾ. ಎರಡೂ ಇಲ್ಲದಿದ್ದರೆ ಮಾಮಾನ ಕಿವಿ.

ಕೊಳ್ಳಬೇಕೆ ಎಂದು ಕೇಳುವವರಿಗೆ: ಮನೆಯಲ್ಲಿ ಹತ್ತು ಕ್ಯಾಸೆಟ್ ಇದ್ದರೆ ಬೇಡ, ಡೆಕ್ ಇರುವ ಯಾರಿಗಾದರೂ ಕೊಟ್ಟು ಮಾಡಿಸಿಕೊಳ್ಳಿ. ಬೆಲ್ಟು, ದುರಸ್ತಿ, ಕಂಪ್ಯೂಟರಿಗೆ ಜೋಡಿಸುವ ಸಾಧನ ಎಲ್ಲ ಸೇರಿ ನನಗೆ ಹತ್ತು ಸಾವಿರ ದಾಟಿದೆ. ಟ್ರಂಕು ತುಂಬ ಇದ್ದರೆ ಮಾತ್ರ ತನ್ನಿ. ತಂದ ದಿನವೇ ಬೆಲ್ಟ್ ಬದಲಾಯಿಸಿ, ಮಾರ್ಚ್ ಬರುವುದಕ್ಕೆ ಮೊದಲು.

ನಾನು ಹಂಚಿದ ತಪ್ಪು ಪ್ರತಿ ಇನ್ನೂ ಕೈಯಿಂದ ಕೈಗೆ ಹೋಗುತ್ತಲೇ ಇದೆ. ನಿಮ್ಮ ಬಳಿ ಇದ್ದರೆ ಮೊದಲ ಬದಿಯ ಅವಧಿ ನೋಡಿ. 44 ನಿಮಿಷ 27 ಸೆಕೆಂಡ್ ಇದ್ದರೆ ದಯವಿಟ್ಟು ಅಳಿಸಿಬಿಡಿ. ಸರಿಯಾದದ್ದು 45 ನಿಮಿಷ 10 ಸೆಕೆಂಡ್. ಜೊತೆಯ ಟಿಪ್ಪಣಿಯಲ್ಲಿ ಯಾವ ಡೆಕ್, ಯಾವ ದಿನ, ಏನು ಬದಲಾಯಿಸಿದೆ, ಏನನ್ನು ಮುಟ್ಟಿಲ್ಲ ಎಂಬುದೆಲ್ಲ ಬರೆದಿದ್ದೇನೆ.