ಕೇಳಿದ ಮಾತನ್ನು ನಂಬುವುದು ಹೇಗೆ: ಮೀಮಾಂಸೆಯೋ ನ್ಯಾಯವೋ?

ಕುಂಬಳೆಯ ರೈಲು ನಿಲ್ದಾಣದಲ್ಲಿ ಅಪರಿಚಿತರೊಬ್ಬರು ‘ಮಂಗಳೂರಿನ ಗಾಡಿ ಇನ್ನೂ ಬಂದಿಲ್ಲ’ ಎಂದರೆ, ಆ ಮಾತನ್ನು ಸತ್ಯವೆಂದು ಒಪ್ಪಲು ನಮಗಿರುವ ಆಧಾರವೇನು? ಈ ಪ್ರಶ್ನೆಯಿಂದ ಭಾರತೀಯ ದರ್ಶನಗಳ ಓದನ್ನು ಆರಂಭಿಸಬಯಸುವ ಕಾಸರಗೋಡಿನ ಕನ್ನಡ ಓದುಗರ ಮುಂದೆ ಎರಡು ಸ್ಪಷ್ಟ ದಾರಿಗಳಿವೆ: ಮೀಮಾಂಸೆ ಮತ್ತು ನ್ಯಾಯ ಎಂಬ ದರ್ಶನಗಳು.

ಕುಮಾರಿಲ ಭಟ್ಟರ ಮೀಮಾಂಸೆಯ ಪ್ರಕಾರ ಅರಿವಿಗೆ ಪ್ರಾಮಾಣ್ಯ (ಸತ್ಯವಾಗಿರುವಿಕೆ) ಸ್ವತಃ ಇರುತ್ತದೆ, ಅಪ್ರಾಮಾಣ್ಯ (ತಪ್ಪಾಗಿರುವಿಕೆ) ಮಾತ್ರ ಹೊರಗಿನಿಂದ ತಿಳಿಯುತ್ತದೆ. ಎಂದರೆ ಅದನ್ನು ಸುಳ್ಳಾಗಿಸುವ ಇನ್ನೊಂದು ಅರಿವು ಹುಟ್ಟುವವರೆಗೆ, ಅಥವಾ ಅರಿವಿನ ಮೂಲದಲ್ಲೇ ದೋಷ ಕಾಣುವವರೆಗೆ, ನಂಬಿಕೆಗೆ ಬೇರೆ ಸಮರ್ಥನೆ ಬೇಕಿಲ್ಲ. ಇದರ ಹಿಂದಿನ ತರ್ಕ ಬಲವಾದದ್ದು: ಒಂದು ಅರಿವನ್ನು ಖಚಿತಪಡಿಸಲು ಇನ್ನೊಂದು, ಅದಕ್ಕೆ ಮತ್ತೊಂದು ಎಂದು ಹೊರಟರೆ ಅನವಸ್ಥೆ, ಎಂದರೆ ಕೊನೆಯಿಲ್ಲದ ಸರಣಿ, ಉಂಟಾಗಿ ಯಾವ ಮಾತೂ ಎಂದೂ ಖಚಿತವಾಗುವುದಿಲ್ಲ.

ನ್ಯಾಯದರ್ಶನದವರಾದ ನೈಯಾಯಿಕರು ಇದನ್ನು ಒಪ್ಪುವುದಿಲ್ಲ. ಅರಿವು ಹುಟ್ಟಿದೊಡನೆ ಅದರ ಸತ್ಯವೂ ತಿಳಿಯುವುದಾದರೆ ಈಗಷ್ಟೇ ತಿಳಿದದ್ದರ ಬಗ್ಗೆ ಸಂಶಯವೇ ಹುಟ್ಟಬಾರದಿತ್ತು, ಆದರೆ ಹುಟ್ಟುತ್ತದೆ ಎಂಬುದು ಅವರ ವಾದ. ಅರಿವನ್ನು ನೆಚ್ಚಿ ಮಾಡಿದ ಕೆಲಸ ಸಫಲವಾದಾಗ ಅದರ ಪ್ರಾಮಾಣ್ಯವನ್ನು ಊಹಿಸಿ ತಿಳಿಯುತ್ತೇವೆ; ಸಂಶಯವಿಲ್ಲದ ಕಡೆ ಪರೀಕ್ಷೆ ಬೇಕಿಲ್ಲವಾದ್ದರಿಂದ ಅನವಸ್ಥೆಯೂ ಇಲ್ಲ. ಈ ದರ್ಶನದ ಮೂಲಗ್ರಂಥವಾದ ಗೌತಮರ ನ್ಯಾಯಸೂತ್ರ ಆಪ್ತರ, ಎಂದರೆ ವಿಷಯವನ್ನು ಸ್ವತಃ ತಿಳಿದು ಇದ್ದಂತೆ ಹೇಳುವವರ, ಉಪದೇಶವನ್ನೇ ಶಬ್ದಪ್ರಮಾಣ (ಮಾತಿನಿಂದ ಅರಿವು ಪಡೆಯುವ ಸಾಧನ) ಎನ್ನುತ್ತದೆ. ಆಪ್ತರ ಲಕ್ಷಣವು ಋಷಿ, ಆರ್ಯ, ಮ್ಲೇಚ್ಛರೆಲ್ಲರಿಗೂ ಸಮಾನವೆಂದು ಭಾಷ್ಯಕಾರ ವಾತ್ಸ್ಯಾಯನರು ಹೇಳಿದ್ದು, ಕನ್ನಡ, ಮಲಯಾಳ, ತುಳು ಮಾತುಗಳು ಬೆರೆಯುವ ನಮ್ಮ ಊರುಗಳಲ್ಲಿ ಓದುವಾಗ ವಿಶೇಷವಾಗಿ ಹಿತವೆನಿಸುತ್ತದೆ.

ದಿನನಿತ್ಯದ ಮಾತುಕತೆ ನಂಬಿಕೆಯ ಮೇಲೆ ಹೇಗೆ ನಡೆಯುತ್ತದೆಂದು ತಿಳಿಯಬಯಸುವವರು ಮೀಮಾಂಸೆಯಿಂದ ಆರಂಭಿಸಲಿ. ಮೊಬೈಲಿಗೆ ಬರುವ, ಮೂಲ ತಿಳಿಯದ ಸಂದೇಶಗಳೇ ಚಿಂತೆಯಾಗಿದ್ದರೆ, ಹೇಳಿದವರು ಯಾರು, ಅವರು ಸ್ವತಃ ಕಂಡು ಹೇಳಿದರೇ ಎಂದು ವಿಚಾರಿಸಲು ಕಲಿಸುವ ನ್ಯಾಯವನ್ನೇ ಆರಿಸಿಕೊಳ್ಳಿರೆಂದು ನಾನು ಹೇಳುತ್ತೇನೆ.